ಕೊಟ್ಟಿಗೆಯ ರೋಗನಿದಾನ, ಮನೆಯ ಆರೋಗ್ಯ

ಮೊದಲು ರೋಗವನ್ನು ಪರೀಕ್ಷಿಸಬೇಕು, ಅನಂತರ ಔಷಧವನ್ನು ಯೋಚಿಸಬೇಕು ಎಂಬುದು ಆಯುರ್ವೇದವು ವೈದ್ಯನಿಗೆ ಕಲಿಸುವ ಮೊದಲ ಪಾಠ. ಮನುಷ್ಯನಾದರೆ ತನ್ನ ನೋವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ, ಮೂಕಪ್ರಾಣಿ ಹೇಳಲಾರದು. ಆದುದರಿಂದ ದನಕರುಗಳ ವಿಷಯದಲ್ಲಿ ಈ ಪಾಠಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ಶ್ರೀಮಠದ ಭಕ್ತರಲ್ಲಿ ಅನೇಕರು ಒಕ್ಕಲುತನದವರು, ಹೈನುಗಾರಿಕೆಯನ್ನು ನಂಬಿದವರು. ಪಶುರೋಗ ನಿದಾನ ಪ್ರಯೋಗಾಲಯದ ವಿಚಾರವನ್ನು ಈ ಆರೋಗ್ಯ ವಿಭಾಗದಲ್ಲಿ ಬರೆಯಲು ಕಾರಣವಿಷ್ಟೆ: ಕೊಟ್ಟಿಗೆಯ ಕೆಲವು ರೋಗಗಳು ಹೊಸ್ತಿಲು ದಾಟಿ ಮನೆಯೊಳಗೂ ಬರುತ್ತವೆ.

ಕಂದು ಹಾಕುವ ರೋಗ

ಗಬ್ಬದ ಹಸು ಕೊನೆಯ ಮೂರು ತಿಂಗಳಲ್ಲಿ ಕಂದು ಹಾಕಿದರೆ ನಮ್ಮ ಹಳ್ಳಿಗಳಲ್ಲಿ ದೃಷ್ಟಿ ತಾಗಿತೆಂದೋ ಕಾಲದ ದೋಷವೆಂದೋ ಸುಮ್ಮನಾಗುವುದುಂಟು. ಮನೆಯವರು ಸತ್ತ ಕರುವನ್ನೂ ಮಾಸನ್ನೂ ಬರಿಗೈಯಿಂದ ಎತ್ತಿ ತಿಪ್ಪೆಗೆ ಹಾಕುತ್ತಾರೆ. ಇಂತಹ ಗರ್ಭಪಾತಕ್ಕೆ ಒಂದು ಮುಖ್ಯ ಕಾರಣ ಬ್ರುಸೆಲ್ಲಾ ಎಂಬ ರೋಗಾಣು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ದೇಹದಲ್ಲಿ ಇದನ್ನು ಕಂಡುಹಿಡಿದರು. ಅದು ಮನುಷ್ಯರಿಗೆ ಬರುತ್ತಿದ್ದುದು ಆಡಿನ ಹಸಿ ಹಾಲಿನಿಂದ ಎಂಬುದು 1905ರಲ್ಲಿ ತಿಳಿಯಿತು.

ಮನುಷ್ಯನಿಗೆ ಈ ಸೋಂಕು ತಗುಲಿದಾಗ ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿಯ ಬೆವರು, ಸೊಂಟ ಮತ್ತು ಕೀಲುಗಳ ನೋವು, ತೀರದ ಆಯಾಸ ಕಾಣಿಸಿಕೊಳ್ಳುತ್ತವೆ. ಇವನ್ನು ನೋಡಿ ಕೆಲವರು ಟೈಫಾಯಿಡ್ ಎನ್ನುತ್ತಾರೆ, ಕೆಲವರು ಆಮವಾತವೆನ್ನುತ್ತಾರೆ. ತಿಂಗಳುಗಟ್ಟಲೆ ತಪ್ಪು ದಾರಿಯಲ್ಲಿ ಚಿಕಿತ್ಸೆ ನಡೆಯುತ್ತದೆ. ಗರ್ಭಿಣಿಯರಿಗೆ ಗರ್ಭಪಾತವೂ ಗಂಡಸರಿಗೆ ವೃಷಣದ ಬಾವೂ ಆಗಬಹುದು. ಆದುದರಿಂದ ಜ್ವರವೂ ಕೀಲುನೋವೂ ಕೂಡಿ ಬಂದ ರೈತರನ್ನು ನಾವು ತಪ್ಪದೆ ಕೇಳುವ ಪ್ರಶ್ನೆ, ‘ಈಚೆಗೆ ಮನೆಯ ಹಸು ಕಂದು ಹಾಕಿತ್ತೆ?’ ಎಂಬುದು. ಹೌದೆಂದರೆ ರಕ್ತಪರೀಕ್ಷೆಗೆ ಕಳುಹಿಸುತ್ತೇವೆ. ರೋಗ ಖಚಿತವಾದವರು ತಜ್ಞ ವೈದ್ಯರು ಹೇಳಿದ ಪ್ರತಿಜೀವಕ ಔಷಧಗಳನ್ನು ಸಾಮಾನ್ಯವಾಗಿ 6 ವಾರಗಳ ಕಾಲ ಬಿಡದೆ ಸೇವಿಸಬೇಕು. ಕಷಾಯ, ಅರಿಷ್ಟಗಳು ಇದಕ್ಕೆ ಬದಲಿಯಾಗಲಾರವು.

ಪ್ರಯೋಗಾಲಯದ ಸೇವೆಗಳು

ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಹಿಂದೆ ಮೈಸೂರು ಸೀರಂ ಸಂಸ್ಥೆ ಎಂದು ಹೆಸರಾಗಿತ್ತು. ಊರೂರುಗಳ ದನದ ಹಟ್ಟಿಗಳನ್ನು ಬರಿದು ಮಾಡುತ್ತಿದ್ದ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಲಸಿಕೆಯ ಜೊತೆಗೆ, ಉಳಿದ ರೋಗವನ್ನು ಹುಡುಕಿ ಹಿಡಿದ ಇಂತಹ ಪ್ರಯೋಗಾಲಯಗಳ ದುಡಿಮೆಯೂ ಅದರ ಹಿಂದಿದೆ. ಹೆಬ್ಬಾಳದ ಸಂಸ್ಥೆ ಈಗ ಲಸಿಕೆಗಳನ್ನು ತಯಾರಿಸುವುದರೊಡನೆ ದಕ್ಷಿಣ ರಾಜ್ಯಗಳ ಪ್ರಾದೇಶಿಕ ರೋಗನಿದಾನ ಪ್ರಯೋಗಾಲಯವಾಗಿಯೂ ಸೇವೆ ಸಲ್ಲಿಸುತ್ತಿದೆ.

ಕಂದು ರೋಗದ ಮೊದಲ ಪರೀಕ್ಷೆ ಸರಳವಾದುದು. ಹಸುವಿನ ರಕ್ತದಿಂದ ಬೇರ್ಪಡಿಸಿದ ಸೀರಮ್ಮಿನ ಒಂದು ಹನಿಗೆ ಗುಲಾಬಿ ಬಣ್ಣದ ದ್ರಾವಣದ ಒಂದು ಹನಿಯನ್ನು ಬೆರೆಸಿ 4 ನಿಮಿಷ ಅಲುಗಿಸುತ್ತಾರೆ. ಹರಳುಗಟ್ಟಿದಂತೆ ಕಂಡರೆ ಸಂಶಯ ಬಲವಾಗುತ್ತದೆ. ಎಲೈಸಾ ಮುಂತಾದ ಪರೀಕ್ಷೆಗಳಿಂದ ಅದನ್ನು ದೃಢಪಡಿಸಿಕೊಳ್ಳುತ್ತಾರೆ. ಕೆಚ್ಚಲು ಬಾವಿನ ಹಾಲನ್ನು ಕೊಟ್ಟರೆ ಯಾವ ರೋಗಾಣು, ಅದಕ್ಕೆ ಯಾವ ಔಷಧ ಹಿಡಿಯುತ್ತದೆ ಎಂಬುದನ್ನು ತಿಳಿಸುತ್ತಾರೆ. ಇದರಿಂದ ಕಂಡಕಂಡ ಚುಚ್ಚುಮದ್ದುಗಳ ಖರ್ಚು ತಪ್ಪುತ್ತದೆ. ಸಗಣಿಯಲ್ಲಿ ಜಂತುವಿನ ಮೊಟ್ಟೆಗಳನ್ನು, ರಕ್ತದಲ್ಲಿ ಉಣ್ಣೆಯಿಂದ ಹರಡುವ ಜ್ವರಗಳನ್ನು ಪತ್ತೆ ಮಾಡುವುದೂ ನಿತ್ಯದ ಕೆಲಸ.

ತರಬೇತಿಯ ಮಹತ್ವ

ಯಂತ್ರ ಎಷ್ಟು ಉತ್ತಮವಾಗಿದ್ದರೂ ಕೆಟ್ಟ ಮಾದರಿಯಿಂದ ಸರಿಯಾದ ಉತ್ತರ ಬಾರದು. ಆದುದರಿಂದ ಸಿಬ್ಬಂದಿಯ ತರಬೇತಿ ಕೊಟ್ಟಿಗೆಯಿಂದಲೇ ಆರಂಭವಾಗುತ್ತದೆ. ಸೀರಮ್ಮಿಗೆ ಬೇಕಾದ ರಕ್ತ ಹೆಪ್ಪುಗಟ್ಟಬೇಕು. ರಕ್ತಕಣಗಳ ಎಣಿಕೆಗೆ ಬೇಕಾದ ರಕ್ತ ಹೆಪ್ಪುಗಟ್ಟಬಾರದು. ಅಂಗಾಂಶದ ಸೂಕ್ಷ್ಮ ರಚನೆಯನ್ನು ನೋಡಬೇಕಾದರೆ ತುಣುಕನ್ನು ಫಾರ್ಮಲಿನ್ನಿನಲ್ಲಿ ಇಡಬೇಕು. ರೋಗಾಣುವನ್ನು ಬೆಳೆಸಿ ನೋಡಬೇಕಾದರೆ ಫಾರ್ಮಲಿನ್ ಸೋಕಲೇಬಾರದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸಾಗಿಸಬೇಕು. ಗುರುತುಚೀಟಿಯಲ್ಲಿ ಹಸುವಿನ ಕಿವಿಯೋಲೆಯ ಸಂಖ್ಯೆ ಮತ್ತು ಹಾಕಿಸಿದ ಲಸಿಕೆಯ ವಿವರ ಇರಬೇಕು. ಕಂದು ರೋಗದ ಲಸಿಕೆ ಪಡೆದ ಕರುವಿನ ರಕ್ತವೂ ಕೆಲಕಾಲ ರೋಗವಿದ್ದಂತೆ ಫಲಿತಾಂಶ ತೋರುವುದರಿಂದ ಈ ಒಂದು ಸಾಲಿಗೆ ಬಹಳ ಬೆಲೆಯಿದೆ.

ಪ್ರಯೋಗಾಲಯದೊಳಗಿನ ಶಿಕ್ಷಣ ಮತ್ತೊಂದು ಬಗೆಯದು. ಪ್ರಯೋಗಾಲಯದ ಕೆಲಸಗಾರರಿಗೆ ಕೆಲಸದ ನಡುವೆಯೇ ತಗುಲುವ ಸೋಂಕುಗಳಲ್ಲಿ ಬ್ರುಸೆಲ್ಲಾ ಪ್ರಮುಖವಾದುದು. ಕೈಗವಸು, ಮುಖಗವಸುಗಳನ್ನು ತೊಡುವುದು, ಸುರಕ್ಷಾ ಪೆಟ್ಟಿಗೆಯೊಳಗೆ ಕೆಲಸ ಮಾಡುವುದು, ಬಳಸಿದ ವಸ್ತುಗಳನ್ನು ಆಟೋಕ್ಲೇವಿನಲ್ಲಿ 121 ಡಿಗ್ರಿ ಉಷ್ಣತೆಯ ಹಬೆಯಿಂದ ಶುದ್ಧಗೊಳಿಸುವುದು ಅವರಿಗೆ ಅಭ್ಯಾಸವಾಗಬೇಕು. ಪ್ರತಿ ಪರೀಕ್ಷೆಯೊಡನೆ ರೋಗವಿರುವುದೆಂದೂ ಇಲ್ಲವೆಂದೂ ಮೊದಲೇ ಗೊತ್ತಿರುವ ಎರಡು ಮಾದರಿಗಳನ್ನು ಇಟ್ಟು ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿಕೊಳ್ಳುತ್ತಾರೆ. ಒಬ್ಬರ ಅಜಾಗ್ರತೆಯಿಂದ ರೋಗವಿಲ್ಲದ ಹಸುವಿಗೆ ರೋಗದ ಹೆಸರು ಬಂದರೆ ಬಡ ಕುಟುಂಬದ ಜೀವನವೇ ಅಲುಗುತ್ತದೆ. ರೋಗವಿರುವ ಹಸು ತಪ್ಪಿಸಿಕೊಂಡರೆ ಊರಿಗೇ ಅಪಾಯ.

ಗೃಹಸ್ಥರು ಪಾಲಿಸಬೇಕಾದ ಕ್ರಮಗಳು

1. ಹಸು ಕಂದು ಹಾಕಿದರೆ ಮಾಸನ್ನು ಬರಿಗೈಯಿಂದ ಮುಟ್ಟಬಾರದು. ಗರ್ಭಿಣಿಯರೂ ಮಕ್ಕಳೂ ದೂರವಿರಲಿ. ಪಶುವೈದ್ಯರು ಮಾದರಿ ತೆಗೆದ ಮೇಲೆ ಉಳಿದುದನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ನಾಯಿಗಳು ಎಳೆದಾಡದಂತೆ ನೋಡಿಕೊಳ್ಳಬೇಕು.

2. ಹಾಲನ್ನು ಚೆನ್ನಾಗಿ ಕಾಯಿಸಿಯೇ ಕುಡಿಯಬೇಕು. ಕರೆದ ಹಾಲನ್ನು ಬಿಸಿಯಿರುವಾಗಲೇ ಹಸಿಯಾಗಿ ಕುಡಿದರೆ ಪುಷ್ಟಿ ಎಂಬ ನಂಬಿಕೆಯನ್ನು ಬಿಡಬೇಕು.

3. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಕಂದು ರೋಗದ ಲಸಿಕೆಯನ್ನು ಒಮ್ಮೆ ಹಾಕಿಸಬೇಕು. ಇದು 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿದೆ.

4. ದನ ಹಠಾತ್ತನೆ ಸತ್ತು, ಮೂಗು ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಅದನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಇರಬಹುದು. ಇದರ ಬೀಜಾಣುಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತವೆ. ಪಶುವೈದ್ಯರು ಬಂದು ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಪರೀಕ್ಷೆಗೆ ಕಳುಹಿಸುತ್ತಾರೆ.

ಹತ್ತಿರದ ಪಶು ಆಸ್ಪತ್ರೆಯೇ ಪ್ರಯೋಗಾಲಯದ ಬಾಗಿಲು. ರಾಜ್ಯದ ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಿಯೂ ನೆರವು ಪಡೆಯಬಹುದು. ಕಂದು ಹಾಕಿದ ಹಸುವನ್ನು ಸದ್ದಿಲ್ಲದೆ ಸಂತೆಯಲ್ಲಿ ಮಾರಿ ಕೈತೊಳೆದುಕೊಳ್ಳುವುದು ಇನ್ನೊಂದು ಮನೆಗೆ ರೋಗವನ್ನು ದಾಟಿಸಿದಂತೆ. ಮಾರುವ ಮುನ್ನ ಅದರ ರಕ್ತಪರೀಕ್ಷೆ ಮಾಡಿಸುವುದು ನೆರೆಯವರಿಗೆ ನಾವು ಸಲ್ಲಿಸಬೇಕಾದ ಕರ್ತವ್ಯ.