ಲ್ಯಾಪ್‌ಟಾಪ್ ಪರದೆಯ ಮೇಲಿನ ಧೂಳು

ಲ್ಯಾಪ್‌ಟಾಪ್ ಪರದೆಗೆ ಧೂಳು ಹಿಡಿಯಲು ಸ್ಥಾಯಿ ವಿದ್ಯುತ್ತೇ ಕಾರಣವೆಂಬ ವಿವರಣೆ ಎಲ್ಲೆಡೆ ಕೇಳಿಬರುತ್ತದೆಯಾದರೂ ಅದು ಬಹುಮಟ್ಟಿಗೆ ಹಳೆಯ ಟಿವಿಗಳ ಕಾಲದಿಂದ ಉಳಿದುಬಂದ ಮಾತು. ಬಣ್ಣದ ಟಿವಿಯ ಕ್ಯಾಥೋಡ್ ಕಿರಣ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು ಪರದೆಯತ್ತ ಸೆಳೆಯಲು 20,000 ವೋಲ್ಟಿಗೂ ಮಿಕ್ಕ ವಿದ್ಯುತ್ ಒತ್ತಡ ಬೇಕಾಗುತ್ತಿತ್ತು. ಅದರಿಂದ ಗಾಜಿನ ಹೊರಮೈಯೂ ವಿದ್ಯುದಾವೇಶ ಪಡೆದು, ಹತ್ತಿರ ಚಾಚಿದ ತೋಳಿನ ಕೂದಲು ನಿಮಿರುವಷ್ಟು ಬಲವಾಗಿ ಸುತ್ತಲಿನ ಕಣಗಳನ್ನು ಎಳೆದುಕೊಳ್ಳುತ್ತಿತ್ತು. ಇಂದಿನ ಎಲ್‌ಸಿಡಿ ಪರದೆ, ಅಂದರೆ ಬೆಳಕನ್ನು ದ್ರವ ಸ್ಫಟಿಕದ ತೆಳುಪದರದಿಂದ ತಡೆದು ಅಥವಾ ಹಾಯಿಸಿ ಚಿತ್ರ ಮೂಡಿಸುವ ಪರದೆ, ಆ ಪದರವನ್ನು ಕೆಲವೇ ವೋಲ್ಟುಗಳಲ್ಲಿ ನಿಯಂತ್ರಿಸುವುದರಿಂದ ಅಂಥ ಸೆಳೆತ ಅದಕ್ಕಿಲ್ಲ. ಧೂಳು ಮಾತ್ರ ತಪ್ಪಿಲ್ಲ.

ಮನೆಯೊಳಗಿನ ಧೂಳೆಂದರೆ ಮಣ್ಣಿನ ಪುಡಿ, ಬಟ್ಟೆಯ ಎಳೆ, ಉದುರಿದ ಚರ್ಮದ ಚೂರು, ಪರಾಗ ಮತ್ತು ಮಸಿಯ ಮಿಶ್ರಣ. ಲ್ಯಾಪ್‌ಟಾಪನ್ನು ಬಳಸುವಾಗ ಪರದೆಯನ್ನು ತುಸು ಹಿಂದಕ್ಕೆ ವಾಲಿಸುವ ಕಾರಣ ಈ ಕಣಗಳು ಅದರ ಮೇಲೆ ಇಳಿಯುವುದು ಸಹಜ. ಇಳಿದ ಮೇಲೆ ಜಾರಿ ಬೀಳದಿರುವುದೇ ಹೆಚ್ಚು ಕುತೂಹಲದ ಸಂಗತಿ. ಒಂದಕ್ಕೊಂದು ತೀರ ಹತ್ತಿರ ಬಂದ ಅಣುಗಳ ನಡುವೆ ವ್ಯಾನ್ ಡರ್ ವಾಲ್ಸ್ ಬಲವೆಂಬ ದುರ್ಬಲ ಆಕರ್ಷಣೆ ಇರುತ್ತದೆ. ಗೋಡೆಯ ಮೇಲೆ ಹಲ್ಲಿ ಅಂಟಿ ನಡೆಯುವುದು ಮುಖ್ಯವಾಗಿ ಈ ಬಲದಿಂದಲೇ. ಕಣದ ವ್ಯಾಸ ಹತ್ತನೆಯ ಒಂದು ಭಾಗಕ್ಕೆ ಇಳಿದಾಗ ಅಂಟುಬಲ ಸುಮಾರು ಹತ್ತು ಪಟ್ಟು ಕುಗ್ಗಿದರೆ ತೂಕ ಸಾವಿರ ಪಟ್ಟು ಕುಗ್ಗುತ್ತದೆ. ಹೀಗಾಗಿ ಒಂದು ಮಿಲಿಮೀಟರಿನ ನೂರನೆಯ ಭಾಗದಷ್ಟಿರುವ ಕಣಕ್ಕೆ ತನ್ನ ತೂಕವು ಲೆಕ್ಕಕ್ಕೇ ಬರುವುದಿಲ್ಲ.

ಊದಿದರೂ ಧೂಳು ಪೂರ್ತಿ ಹೋಗದಿರುವುದಕ್ಕೆ ಇನ್ನೊಂದು ಕಾರಣವಿದೆ. ಯಾವುದೇ ಮೇಲ್ಮೈಗೆ ತಾಗಿದ ಗಾಳಿಯ ವೇಗ ಹೆಚ್ಚುಕಡಿಮೆ ಸೊನ್ನೆಯಾಗಿದ್ದು, ಅಲ್ಲಿಂದ ದೂರ ಸರಿದಂತೆ ಮಾತ್ರ ಅದು ಏರುತ್ತದೆ. ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ವಿವರಿಸಿದ ಈ ನಿಧಾನಗತಿಯ ತೆಳುವಲಯಕ್ಕೆ ಗಡಿಪದರವೆಂದು ಹೆಸರು. ದಿನವಿಡೀ ತಿರುಗುವ ಸೀಲಿಂಗ್ ಫ್ಯಾನಿನ ರೆಕ್ಕೆಗಳೂ ಧೂಳು ಹಿಡಿಯುವುದು ಇದರಿಂದಲೇ. ಪರದೆಯ ಬಿಸಿಯೇ ಧೂಳನ್ನು ಸೆಳೆಯುತ್ತದೆಂಬ ಊಹೆಯಂತೂ ಅರ್ಧಸತ್ಯ: ಬಿಸಿಯಿಂದ ಗಾಳಿ ಮೇಲೇರಿ ಹೊಸ ಕಣಗಳನ್ನು ತರಬಹುದಾದರೂ, ಸೂಕ್ಷ್ಮ ಕಣಗಳು ಬಿಸಿ ಮೇಲ್ಮೈಯಿಂದ ತಂಪಿನ ಕಡೆಗೇ ಸರಿಯುತ್ತವೆ.

ಹಾಗೆಂದು ಸ್ಥಾಯಿ ವಿದ್ಯುತ್ತನ್ನು ಪೂರ್ಣವಾಗಿ ಖುಲಾಸೆಗೊಳಿಸುವಂತಿಲ್ಲ. ಈಗ ಅದನ್ನು ಹುಟ್ಟಿಸುವುದು ಪರದೆಗಿಂತ ಹೆಚ್ಚಾಗಿ ಒರೆಸುವ ಕೈ. ಅನೇಕ ಪರದೆಗಳ ಹೊರಮೈ ಪ್ಲಾಸ್ಟಿಕ್ ಹಾಳೆಯದಾಗಿದ್ದು, ಒಣಬಟ್ಟೆಯಿಂದ ಉಜ್ಜಿದಾಗ ಆವೇಶ ಪಡೆದು, ಆಗತಾನೇ ಎದ್ದ ಧೂಳನ್ನೇ ಮರಳಿ ಸೆಳೆಯಬಲ್ಲದು. ಮಂಗಳೂರಿನ ಮಳೆಗಾಲದಂಥ ತೇವದ ಹವೆಯಲ್ಲಿ ಮೇಲ್ಮೈಗೆ ಅಂಟುವ ನೀರಿನ ಅತಿತೆಳು ಪದರದ ಮೂಲಕ ಈ ಆವೇಶ ಬೇಗನೆ ಹರಿದುಹೋಗುತ್ತದೆ. ಕಲಬುರಗಿಯ ಒಣಬೇಸಿಗೆಯಲ್ಲಿ ಅದು ಹೆಚ್ಚು ಹೊತ್ತು ಉಳಿಯುತ್ತದೆ.

ಬೆರಳಿನ ಜಿಡ್ಡು ಧೂಳಿಗೆ ಇನ್ನಷ್ಟು ಗಟ್ಟಿಯಾದ ಹಿಡಿತ ಒದಗಿಸುತ್ತದೆ. ಮುಚ್ಚಿಟ್ಟ ಪರದೆಯ ಮೇಲೂ ಕೀಲಿಗಳ ಆಕಾರದ ಕಲೆ ಕಾಣುವುದು, ಅವುಗಳ ಮೇಲಿನ ಎಣ್ಣೆಯಂಶ ತಾಗಿದ್ದರಿಂದ. ಯಂತ್ರವನ್ನು ಆರಿಸಿ, ತುಸು ತೇವಗೊಳಿಸಿದ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಡವಿಲ್ಲದೆ ಒರೆಸಿದರೆ ಜಿಡ್ಡೂ ಹೋಗುತ್ತದೆ, ಆವೇಶವೂ ಅಷ್ಟಾಗಿ ಹುಟ್ಟುವುದಿಲ್ಲ. ಕಿಟಕಿಯ ಗಾಜಿಗೆ ಬಳಸುವ ಅಮೋನಿಯಾ ಬೆರೆತ ದ್ರಾವಣ ಪರದೆಯ ಲೇಪವನ್ನು ಕೆಡಿಸಬಲ್ಲದು. ನೀರನ್ನೂ ನೇರವಾಗಿ ಪರದೆಯ ಮೇಲೆ ಸಿಂಪಡಿಸಿದರೆ ಅದು ಕೆಳಅಂಚಿಗೆ ಇಳಿದು ಒಳಗಿನ ವಿದ್ಯುತ್ ಜೋಡಣೆಗಳನ್ನು ತಲುಪಬಲ್ಲದು.