ಮೊಮ್ಮಕ್ಕಳ ಕಾರ್ಟೂನಿಗೆ ಆಯಿಯ ಕನ್ನಡ

ರವಿವಾರ ಮಧ್ಯಾಹ್ನ ಊಟ ಮುಗಿದ ಮೇಲೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ, ಒಂದು ಸಲ ನೆನಪಿಸಿಕೊಳ್ಳಿ. ಯಜಮಾನರ ಕೈಯಲ್ಲಿ ಒಂದು ಮೊಬೈಲ್, ಮಗನ ಕೈಯಲ್ಲಿ ಇನ್ನೊಂದು. ಮಗಳು ಒಳಗಿನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೂತಿರುತ್ತಾಳೆ. ಅತ್ತೆಯವರು ಧಾರಾವಾಹಿಯ ಮರುಪ್ರಸಾರ ನೋಡುತ್ತಾ ತೂಕಡಿಸುತ್ತಿರುತ್ತಾರೆ. ಪಾತ್ರೆ ತಿಕ್ಕಿ, ಕೈ ಒರೆಸಿಕೊಂಡು ಹೊರಗೆ ಬಂದ ನಿಮಗೆ ಯಾರೊಡನೆ ಮಾತಾಡಬೇಕೋ ತಿಳಿಯುವುದಿಲ್ಲ. ಹೌದಲ್ವಾ? ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲೂ ಹೀಗೇ ಇತ್ತು.

ನಮ್ಮ ಅತ್ತೆ ಇಳಕಲ್ಲಿನವರು. ಮಾವನವರು ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು, ಅತ್ತೆ ಪಕ್ಕದಲ್ಲೇ ಕೂತು ಕಂಡಿಕೆ ಸುತ್ತುತ್ತಿದ್ದರು. ಮಾವ ತೀರಿಕೊಂಡ ಮೇಲೆ ಮಗ್ಗ ಬಿಚ್ಚಿಟ್ಟು, ಅತ್ತೆಯವರನ್ನು ನಾವೇ ಕರೆದುಕೊಂಡು ಬಂದೆವು. ಊರಲ್ಲಿ ಓಣಿಗೆಲ್ಲಾ ಕಥೆ ಹೇಳುತ್ತಿದ್ದ ಹೆಂಗಸು ಇಲ್ಲಿ ಬಂದು ಮೌನವಾಗಿಬಿಟ್ಟರು. ಇಂಗ್ಲಿಷ್ ಮೀಡಿಯಂ ಮೊಮ್ಮಕ್ಕಳ ಜೊತೆ "ಉಂಡ್ಯೇನೋ?" "ಹ್ಞೂಂ" ಬಿಟ್ಟರೆ ಬೇರೆ ಮಾತಿಲ್ಲ. ಒಂದು ದಿನ ಅವರು ಮಗನ ಮೊಬೈಲಿನಲ್ಲಿ ಇಣುಕಿ "ಅದೇನಪಾ ಅದು?" ಎಂದು ಕೇಳಿದರು. ಎಂಟು ವರ್ಷದ ನನ್ನ ಮಗ ತಲೆ ಎತ್ತದೆ, "ಮಮ್ಮಿ, ಆಯಿಗೆ ಏನೂ ತಿಳಿಯಂಗಿಲ್ಲ" ಎಂದ. ಅತ್ತೆ ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋದರು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬೈದರೆ ಮಗ ಸುಮ್ಮನಾಗಬಹುದು, ಆದರೆ ಆಯಿಯ ಹತ್ತಿರ ಬರುತ್ತಾನೆಯೇ? ಆಗ ನನಗೆ ನೆನಪಾದದ್ದು ನಾನು ಚಿಕ್ಕವಳಿದ್ದಾಗ ಕೇಬಲ್ ಟಿವಿಯಲ್ಲಿ ನೋಡಿದ ಒಂದು ಕಾರ್ಟೂನ್ ಸಿನಿಮಾ.

ಜಪಾನಿನಿಂದ ಬಂದ ರಾಮ

ಅದರ ಹೆಸರು 'ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ'. ಅದು ಜಪಾನ್ ಮತ್ತು ಭಾರತ ಸೇರಿ ತಯಾರಿಸಿದ ಚಿತ್ರ. ಜಪಾನಿನ ಯುಗೊ ಸಾಕೊ ಎಂಬುವರು 1983ರಲ್ಲಿ ಪುರಾತತ್ವಜ್ಞ ಬಿ.ಬಿ. ಲಾಲ್ ಅವರ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ನಮ್ಮ ದೇಶಕ್ಕೆ ಬಂದಿದ್ದರು. ಆಗ ರಾಮಾಯಣದ ಕಥೆ ಅವರನ್ನು ಹಿಡಿದುಬಿಟ್ಟಿತು. ಜಪಾನಿ ಭಾಷೆಯಲ್ಲಿ ಸಿಕ್ಕ ಹತ್ತು ರಾಮಾಯಣಗಳನ್ನು ಓದಿದರಂತೆ! ದೇವರ ಪಾತ್ರಕ್ಕೆ ಮನುಷ್ಯ ನಟನಿಗಿಂತ ಕೈಯಲ್ಲಿ ಬರೆದ ಚಿತ್ರವೇ ಸರಿ ಎಂಬುದು ಅವರ ವಿಚಾರವಾಗಿತ್ತು.

ನಮ್ಮವರು ಮಾತ್ರ ಅನುಮಾನ ಪಟ್ಟರು. ಪರದೇಶದವರು ರಾಮಾಯಣವನ್ನು ಕಾರ್ಟೂನ್ ಮಾಡುವುದೇ ಎಂಬ ಆಕ್ಷೇಪ ಎದ್ದಿತು, ಸರ್ಕಾರದ ಸಹಕಾರ ಸಿಗಲಿಲ್ಲ. ಕೊನೆಗೆ ಕೆಲಸವೆಲ್ಲ ಜಪಾನಿನಲ್ಲೇ ನಡೆಯಿತು. ನಿರ್ದೇಶನದಲ್ಲಿ ಸಾಕೊ ಜೊತೆ ಕೊಯಿಚಿ ಸಸಾಕಿ ಇದ್ದರು, ನಮ್ಮ ದೇಶದ ಹಿರಿಯ ಅನಿಮೇಷನ್ ಕಲಾವಿದ ರಾಮ್ ಮೋಹನ್ ಇದ್ದರು. ಸುಮಾರು 450 ಕಲಾವಿದರು ದುಡಿದರು. ಧೋತರ ಹೇಗೆ ಉಡುತ್ತಾರೆ, ಹಿರಿಯರ ಆಶೀರ್ವಾದ ಹೇಗೆ ಪಡೆಯುತ್ತಾರೆ ಎಂಬುದನ್ನು ನಮ್ಮ ಕಲಾವಿದರು ಜಪಾನಿನವರಿಗೆ ಕಲಿಸಿಕೊಟ್ಟರು. ಸಂಗೀತ ವನರಾಜ್ ಭಾಟಿಯಾ ಅವರದು. ಇಂಗ್ಲಿಷ್ ಚಿತ್ರದಲ್ಲೂ ಹಾಡುಗಳು ಸಂಸ್ಕೃತದಲ್ಲಿವೆ, ಕೇಳಲು ಬಹಳ ಹಿತ.

1993ರ ಜನವರಿಯಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇದರ ಪ್ರದರ್ಶನವಾಯಿತು. ಅಯೋಧ್ಯೆಯ ಗಲಭೆಯ ಕಾವು ಇನ್ನೂ ಆರಿರದ ದಿನಗಳವು. ಚಿತ್ರ ಊರೂರಿನ ಟಾಕೀಸುಗಳಿಗೆ ಬರಲೇ ಇಲ್ಲ. ಮುಂದೆ ಟಿವಿಯಲ್ಲಿ ಬಂದಾಗ ನಮ್ಮಂಥ ಮಕ್ಕಳು ನೋಡಿದ್ದಷ್ಟೇ. ಹಿಂದಿ ಅವತರಣಿಕೆಯಲ್ಲಿ ರಾಮನಿಗೆ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ ದನಿ ಕೊಟ್ಟಿದ್ದಾರೆ. ಯುಗೊ ಸಾಕೊ 2012ರಲ್ಲಿ ತೀರಿಕೊಂಡರು. 2025ರ ಜನವರಿ 24ರಂದು ಚಿತ್ರ ಹೊಸ ಹೊಳಪಿನೊಂದಿಗೆ ನಮ್ಮ ಟಾಕೀಸುಗಳಿಗೆ ಬಂದಾಗ ನೋಡಲು ಅವರಿರಲಿಲ್ಲ. ಆಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ ಬಂತು. ಕನ್ನಡ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

"ದೇವರನ್ನ ಕಾರ್ಟೂನ್ ಮಾಡ್ತಾರೇನು?"

ಒಂದು ರವಿವಾರ ಸೂಸಲ ಮಾಡಿ, ಮಿರ್ಚಿ ಭಜಿ ಕರಿದು, ಎಲ್ಲರನ್ನೂ ಟಿವಿ ಮುಂದೆ ಕೂಡಿಸಿದೆ. ಮಕ್ಕಳು ಮುಖ ಸಿಂಡರಿಸಿದರು. ಅತ್ತೆಯವರಂತೂ, "ದೇವರನ್ನ ಕಾರ್ಟೂನ್ ಮಾಡ್ತಾರೇನವಾ? ಏನು ಕಾಲ ಬಂತು!" ಎಂದರು. ಸರ್ಕಾರಕ್ಕೆ ಬಂದ ಅನುಮಾನವೇ ನಮ್ಮ ಅತ್ತೆಗೂ ಬಂದಿತ್ತು ನೋಡಿ. "ಹತ್ತು ನಿಮಿಷ ನೋಡ್ರಿ ಅತ್ತಿ, ಸೇರದಿದ್ರ ಬಂದ್ ಮಾಡೋಣು" ಎಂದೆ.

ವಿಶ್ವಾಮಿತ್ರ ಬಂದ, ದಶರಥ ಮಗನನ್ನು ಕಳಿಸಲು ಹಿಂದೆ ಮುಂದೆ ನೋಡಿದ. ತಾಟಕಿ ಬರುವ ಹೊತ್ತಿಗೆ ಮಗ ಭಜಿ ತಿನ್ನುವುದನ್ನು ಬಿಟ್ಟಿದ್ದ. ಆದರೆ ಹಿಂದಿ ಮಾತು ಅತ್ತೆಯವರಿಗೆ ತಿಳಿಯದು, ಶುದ್ಧ ಹಿಂದಿ ಮಕ್ಕಳಿಗೂ ಅಷ್ಟಕ್ಕಷ್ಟೇ. ಮಗ ನನ್ನನ್ನು ಕೇಳಿದ, "ಮಮ್ಮಿ, ಆ ಸಾಧು ಯಾಕ ಸಿಟ್ಟಾಗ್ಯಾರ?" ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಲು ಶುರು ಮಾಡಿದರು. ಯಜ್ಞ ಏನು, ರಾಕ್ಷಸರು ಯಾಕೆ ಕೆಡಿಸುತ್ತಿದ್ದರು, ರಾಮನಿಗೆ ಆಗ ಎಷ್ಟು ವಯಸ್ಸು, ಎಲ್ಲಾ! ನಾನು ಟಿವಿಯ ದನಿ ಕಡಿಮೆ ಮಾಡಿದೆ. ಮುಂದಿನ ಸಿನಿಮಾ ಪೂರ್ತಿ ಅತ್ತೆಯವರ ಕನ್ನಡದಲ್ಲೇ ನಡೆಯಿತು ಎಂದರೆ ನಂಬುತ್ತೀರಾ?

ಜಟಾಯು ಬಿದ್ದಾಗ ಮಗ ಅತ್ತೆಯವರ ಮಗ್ಗುಲಿಗೆ ಸರಿದು ಕೂತ. ಹನುಮಂತ ಸಮುದ್ರ ಹಾರಿದಾಗ ಇಬ್ಬರೂ ಕೂಡಿ ಚಪ್ಪಾಳೆ ಹೊಡೆದರು. ಹದಿಮೂರರ ಮಗಳು ಬಾಗಿಲಲ್ಲಿ ನಿಂತೇ ನೋಡುತ್ತಿದ್ದವಳು ಒಳಗೆ ಬಂದು ಕೇಳಿದಳು, "ಆಯಿ, ಲಕ್ಷ್ಮಣ ತನ್ನ ಹೇಂತಿನ್ಯಾಕ ಕರಕೊಂಡು ಹೋಗಲಿಲ್ಲ?"

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಊರ್ಮಿಳಾ ಹದಿನಾಕು ವರ್ಷ ಮನ್ಯಾಗ ಇದ್ಲು. ಹಿಂದ ಉಳದಾಕಿ ಸುದ್ದಿ ಯಾರೂ ಹೇಳಂಗಿಲ್ಲವಾ" ಎಂದರು. ಮಗಳು ಮತ್ತೆ ಒಳಗೆ ಹೋಗಲಿಲ್ಲ. ಆಯಿಯ ಕಾಲ ಹತ್ತಿರ ಕೂತಳು. ನಾನು ಚಹಾ ತರುವ ನೆವ ಮಾಡಿ ಅಡಿಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡೆ.

ಕಲ್ಲಿನ ಮೇಲಿನ ಸಿನಿಮಾ

ಮರುವಾರ ಮಗನದೇ ಹಟ, "ರಾಮಾಯಣ ಮತ್ತ ಎಲ್ಲಿ ಐತಿ?" ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ! ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಪಟ್ಟದಕಲ್ಲಿಗೆ ಹೋದೆವು. ಬಾದಾಮಿಯಿಂದ ಸುಮಾರು 22 ಕಿ.ಮೀ. ದೂರ. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗವಿದು. ಇಲ್ಲಿಯ ವಿರೂಪಾಕ್ಷ ದೇವಸ್ಥಾನ ಕಟ್ಟಿಸಿದಾಕೆ ಒಬ್ಬ ಹೆಣ್ಣುಮಗಳು, ರಾಣಿ ಲೋಕಮಹಾದೇವಿ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಎಂಟನೇ ಶತಮಾನದಲ್ಲಿ ಕಟ್ಟಿಸಿದಳು. ಒಳಗಿನ ಕಂಬಗಳ ತುಂಬಾ ರಾಮಾಯಣ, ಮಹಾಭಾರತದ ಕಥೆಗಳಿವೆ.

ಅಲ್ಲಿಗೇ ಮುಗಿಸಿ ವಾಪಸ್ ಬರಬೇಡಿ. ಸ್ವಲ್ಪ ದೂರದಲ್ಲಿ ಮಲಪ್ರಭೆಯ ದಂಡೆಗೆ ಪಾಪನಾಥ ದೇವಸ್ಥಾನವಿದೆ. ಅದರ ಹೊರಗೋಡೆಯ ಮೇಲೆ ರಾಮಾಯಣವನ್ನು ಒಂದರ ಪಕ್ಕ ಒಂದರಂತೆ ಕೆತ್ತಿದ್ದಾರೆ. ಗೋಡೆಯ ಗುಂಟ ನಡೆಯುತ್ತಾ ಹೋದರೆ ಕಥೆ ಮುಂದೆ ಸಾಗುತ್ತದೆ. ಕಾರ್ಟೂನ್ ಸಿನಿಮಾದ ಗುಟ್ಟೂ ಇದೇ ತಾನೇ? ಸಿನಿಮಾ ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರ ಹಾಯ್ದು ಹೋಗುತ್ತವೆ, ಅದಕ್ಕೇ ಬರೆದ ಬೊಂಬೆ ನಡೆದಂತೆ ಕಾಣುತ್ತದೆ. ಇಲ್ಲಿ ಚಿತ್ರ ನಿಂತಿರುತ್ತವೆ, ನಾವು ನಡೆಯಬೇಕು. ಮಗನಿಗೆ ಹೀಗೆ ಹೇಳಿದಾಗ ಗೋಡೆಯ ಗುಂಟ ಓಡಿಯೇ ನೋಡಿದ!

ಅತ್ತೆಯವರು ಕೋಲೂರಿಕೊಂಡು ಒಂದೊಂದೇ ಚಿತ್ರ ಗುರುತು ಹಿಡಿದು ಹೇಳುತ್ತಿದ್ದರು. ಕೆಲವು ಚಿತ್ರಗಳ ಹತ್ತಿರ ಪಾತ್ರದ ಹೆಸರನ್ನು ಅಂದಿನ ಕನ್ನಡ ಲಿಪಿಯಲ್ಲಿ ಕೊರೆದಿದ್ದಾರೆ. ಮಗ ಅದನ್ನು ಓದಲು ಹೆಣಗಿದ, ಬರಲಿಲ್ಲ. "ಆಯಿ, ನೀನs ಹೇಳು" ಎಂದು ಅವರ ಸೆರಗು ಹಿಡಿದು ಜಗ್ಗಿದ. ಸಿನಿಮಾದಲ್ಲಿ ಸಿಗದ ಕನ್ನಡ ನಮಗೆ ಅಲ್ಲಿ ಸಿಕ್ಕಿತ್ತು. ಬರುವಾಗ ಐಹೊಳೆ ನೋಡಿ, ಅಮೀನಗಡದಲ್ಲಿ ಕರದಂಟು ಕೊಂಡು ಮನೆ ಸೇರಿದೆವು.

ಎಲ್ಲಾ ಸರಿಹೋಯಿತು ಎಂದು ಸುಳ್ಳು ಹೇಳಲಾರೆ. ಮೊಬೈಲು ಮತ್ತೆ ಕೈಗೆ ಬಂದಿದೆ, ಮಗಳ ಬಾಗಿಲು ಈಗಲೂ ಮುಚ್ಚುತ್ತದೆ. ಆದರೆ ರಾತ್ರಿ ಮಲಗುವಾಗ ಮಗ ಹಾಸಿಗೆ ಎಳೆದುಕೊಂಡು ಆಯಿಯ ಕೋಣೆಗೆ ಹೋಗುತ್ತಾನೆ. ಒಳಗಿನಿಂದ ಕಥೆಯ ದನಿ ಕೇಳುತ್ತದೆ.

ನೀವೂ ನೋಡುವುದಾದರೆ

* ಸಿನಿಮಾ ಎರಡು ಗಂಟೆಗಿಂತ ಹೆಚ್ಚಿದೆ. ಸಣ್ಣ ಮಕ್ಕಳಿದ್ದರೆ ಎರಡು ದಿನ ಮಾಡಿ ನೋಡಿ. ಸೀತಾಪಹರಣಕ್ಕೆ ನಿಲ್ಲಿಸಿದರೆ ಮರುದಿನ ಅವರೇ ನೆನಪಿಸುತ್ತಾರೆ.

* ಯುದ್ಧ ಮತ್ತು ಕುಂಭಕರ್ಣನ ದೃಶ್ಯಗಳಿಗೆ ಐದು ವರ್ಷದೊಳಗಿನ ಮಕ್ಕಳು ಅಂಜಬಹುದು. ತೊಡೆಯ ಮೇಲೆ ಕೂಡಿಸಿಕೊಳ್ಳಿ.

* ಈಗಿನ ಕಾರ್ಟೂನಿನ ವೇಗ ಇದರಲ್ಲಿಲ್ಲ. ಮೊದಲ ಅರ್ಧ ಗಂಟೆ ಮಕ್ಕಳು ಚಡಪಡಿಸಿದರೆ ಗದರಬೇಡಿ. ಕಾಡು, ಹೊಳೆ, ಅರಮನೆಯ ಚಿತ್ರಗಳನ್ನು ತೋರಿಸಿ, "ಇದನ್ನು ಕೈಯಿಂದ ಬರೆದಾರ" ಎಂದು ಹೇಳಿ.

* ಮನೆಯಲ್ಲಿ ಹಿರಿಯರಿದ್ದರೆ ಕಥೆ ಹೇಳುವ ಕೆಲಸ ಅವರಿಗೇ ಬಿಡಿ. ಅವರು ತಡವರಿಸಿದರೆ ನೀವು ತಿದ್ದಲು ಹೋಗಬೇಡಿ, ರಿಮೋಟ್ ಒತ್ತಿ ನಿಲ್ಲಿಸಿ, ಕಾಯಿರಿ.

* ಮಕ್ಕಳು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಸೀತೆಯ ಬಗ್ಗೆ, ವಾಲಿಯ ಬಗ್ಗೆ ಹಿರಿಯರೂ ತಲೆತಲಾಂತರದಿಂದ ಕೇಳುತ್ತಾ ಬಂದಿದ್ದಾರೆ.

* ಕನ್ನಡದಲ್ಲೇ ಬೇಕೆನ್ನುವವರಿಗೆ 2025ರ ಜುಲೈನಲ್ಲಿ ಬಂದ 'ಮಹಾವತಾರ ನರಸಿಂಹ' ಇದೆ. ಅದರಲ್ಲಿ ಉಗ್ರ ದೃಶ್ಯಗಳಿರುವುದರಿಂದ ದೊಡ್ಡ ಮಕ್ಕಳಿಗಷ್ಟೇ ತೋರಿಸಿ. ನೋಡಿದ ಮೇಲೆ ಬಾದಾಮಿಯ ಮೂರನೇ ಗುಹೆಗೆ ಕರೆದೊಯ್ಯಿರಿ. ಮಂಗಳೇಶ ಮಾಡಿಸಿದ, ಕ್ರಿ.ಶ. 578ರ ಆ ಗುಹೆಯಲ್ಲಿ ಆಳೆತ್ತರ ಮೀರಿದ ನರಸಿಂಹ ನಿಂತಿದ್ದಾನೆ. ಮೆಟ್ಟಿಲು ಹತ್ತುವಾಗ ಮಂಗಗಳಿವೆ, ತಿಂಡಿಯ ಚೀಲ ಜೋಪಾನ!

ಈ ರವಿವಾರ ಏನು ಮಾಡುತ್ತೀರಿ? ಭಜಿಗೆ ಹಿಟ್ಟು ಕಲಸಿಡಿ, ಅತ್ತೆಯವರಿಗೆ ಟಿವಿಯ ಎದುರಿಗಿನ ಕುರ್ಚಿ ಬಿಟ್ಟುಕೊಡಿ. ಟಿವಿಯ ದನಿಯನ್ನು ಸ್ವಲ್ಪ ಸಣ್ಣದೇ ಇಡಿ.