ಆಮ್ಲಜನಕವಿಲ್ಲದೆ ಉತ್ಕರ್ಷಣೆಯೇ?

ಪ್ರಶ್ನೆ: ಆಮ್ಲಜನಕ ಸೇರುವುದೇ ಉತ್ಕರ್ಷಣೆ ಎಂದು ಓದಿದ್ದೇನೆ. ಆಮ್ಲಜನಕ ಪಾಲ್ಗೊಳ್ಳದ ಕ್ರಿಯೆಯನ್ನೂ ಹಾಗೆ ಕರೆಯುವುದೇಕೆ?

ಉತ್ತರ: ನೀವು ಓದಿದ್ದು ತಪ್ಪಲ್ಲ, ಆದರೆ ಅದರ ವ್ಯಾಪ್ತಿ ಕಿರಿದು. ಈಗ ನೋಡುವುದು ಎಲೆಕ್ಟ್ರಾನ್‌ಗಳ ಲೆಕ್ಕ: ಕಳೆದುಕೊಂಡರೆ ಉತ್ಕರ್ಷಣೆ, ಪಡೆದರೆ ಅಪಕರ್ಷಣೆ. ಉದಾಹರಣೆಗೆ, ಅಡಿಕೆ ಬೆಳೆಗಾರರು ಕೊಳೆರೋಗಕ್ಕೆಂದು ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಬೆರೆಸಿದ ಮೇಲೆ ಅದರಲ್ಲಿ ಉಜ್ಜಿ ಬೆಳಗಿದ ಕತ್ತಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದೆಂದೇ ಅರ್ಥ. ಮೈಲುತುತ್ತಿನಲ್ಲಿರುವ ತಾಮ್ರದ ಅಯಾನು ಕಬ್ಬಿಣದಿಂದ 2 ಎಲೆಕ್ಟ್ರಾನ್ ಪಡೆದು ಲೋಹವಾಗಿ ಅಲಗಿಗೆ ಅಂಟುತ್ತದೆ. ಅವನ್ನು ಕೊಟ್ಟ ಕಬ್ಬಿಣ ಅಯಾನಾಗಿ ನೀರಿಗಿಳಿಯುತ್ತದೆ. ತಾಮ್ರಕ್ಕೆ ಅಪಕರ್ಷಣೆ, ಕಬ್ಬಿಣಕ್ಕೆ ಉತ್ಕರ್ಷಣೆ. ಒಂದಿಲ್ಲದೆ ಇನ್ನೊಂದು ನಡೆಯದು. ಮೈಲುತುತ್ತಿನ ನೀರಿನಲ್ಲಿ ಕಬ್ಬಿಣದ ಮೊಳೆ ಹಾಕಿ ನೀವೂ ನೋಡಿ. ಮೈಲುತುತ್ತು ವಿಷ, ಆಮೇಲೆ ಕೈ ತೊಳೆಯಲು ಮರೆಯಬೇಡಿ.